ಬ್ಲೀಚಿಂಗ್ ಪೌಡರ್ ಹಾಕುವ ಮೊದಲು ಸ್ಯಾಂಪಲ್ ತೆಗೆಯಿರಿ

ಪಾಂಡವಪುರದ ಅಕ್ಕ, ನಿಮ್ಮ ಪೋಸ್ಟ್ ಬೆಳಿಗ್ಗೆಯೇ ಓದಿದೆ. ಭಾನುವಾರ ಮಾಡಿದ ಪನೀರ್ ಶ್ರೀರಂಗಪಟ್ಟಣದ ಒಂದು ಗೃಹಪ್ರವೇಶದ ಊಟಕ್ಕೆ ಹೋಯಿತು, ಉಂಡು ಎರಡು ಮೂರು ಗಂಟೆಯಲ್ಲಿ 11 ಜನಕ್ಕೆ ವಾಂತಿ ಆಯಿತು. ಅದೇ ವಾರ ಮೈಸೂರಿನ ಎರಡು ಅಂಗಡಿಯಿಂದ ಊದಿಕೊಂಡ ಪ್ಯಾಕೆಟ್ ವಾಪಸ್ ಬಂದವು, ಒಂದನ್ನು ಲ್ಯಾಬಿಗೆ ಕೊಟ್ಟರೆ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಜಾಸ್ತಿ ಅಂತ ರಿಪೋರ್ಟ್ ಬಂತು. ಇವತ್ತು ರಾತ್ರಿ ಇಡೀ ಘಟಕ ತೊಳೆದು ನಾಳೆ ಶುರು ಮಾಡಬೇಕು, ಬ್ಲೀಚಿಂಗ್ ಪೌಡರ್ ಎಷ್ಟು ಹಾಕಲಿ ಅಂತ ಕೇಳಿದ್ದೀರಿ. ಅಳತೆ ಆಮೇಲೆ ಹೇಳುತ್ತೇನೆ. ಆದರೆ ಇವತ್ತು ತೊಳೆಯಬೇಡಿ. ತೊಳೆದರೆ ಕಾರಣ ಹುಡುಕಲು ಇರುವ ಗುರುತೆಲ್ಲ ಕೊಚ್ಚಿ ಹೋಗುತ್ತದೆ.

ಮೊದಲು ಮಾಲು ನಿಲ್ಲಿಸಿ. ಅಂಗಡಿಗಳಿಗೆ ಫೋನ್ ಮಾಡಿ ಆ ವಾರದ ಎಲ್ಲ ಬ್ಯಾಚ್ ವಾಪಸ್ ತರಿಸಿ. ಹಿಂಪಡೆಯುವುದನ್ನು ಶುರು ಮಾಡಿದ 24 ಗಂಟೆಯೊಳಗೆ ಆಹಾರ ಸುರಕ್ಷತಾ ಇಲಾಖೆಗೆ ತಿಳಿಸಬೇಕು ಅನ್ನುವುದು 2017ರ ನಿಯಮ. ಹೆದರಿಕೆ ಆಗುತ್ತದೆ, ನನಗೂ ಆಗಿತ್ತು. ಆದರೂ ನೀವೇ ಹೋಗಿ ಮಂಡ್ಯದ ಕಚೇರಿಯಲ್ಲಿ ಹೇಳಿ. ಅವರ ಕಿವಿಗೆ ಬೇರೆಯವರಿಂದ ಬೀಳುವುದು ಬೇಡ.

ಈಗ ನಿಜವಾದ ವಿಷಯ. ನೀವು ವಾಂತಿಯನ್ನೂ ಊದಿದ ಪ್ಯಾಕೆಟ್ಟನ್ನೂ ಒಂದೇ ಅಂತ ನೋಡುತ್ತಿದ್ದೀರಿ. ನನಗೆ ಇವು ಎರಡು ಬೇರೆ ಬೇರೆ ತೊಂದರೆ ಅನ್ನಿಸುತ್ತದೆ. ಕೋಲಿಫಾರ್ಮ್ ಇದೆ ಅಂದರೆ ಎಲ್ಲೋ ಕೊಳಕು ನೀರು ಅಥವಾ ಕೈ ತಾಗಿದೆ ಎಂದರ್ಥ. ಅದು ಗ್ಯಾಸ್ ಬಿಟ್ಟು ಪ್ಯಾಕೆಟ್ ಊದಿಸಬಹುದು. ಎರಡು ಗಂಟೆಯಲ್ಲಿ ವಾಂತಿ ಬರಿಸುವುದು ಅದರ ಸ್ವಭಾವ ಅಲ್ಲ. ಅಷ್ಟು ಬೇಗ ಬಂದರೆ ಹೆಚ್ಚಾಗಿ ಸ್ಟೆಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಬಿಟ್ಟ ವಿಷ ಇರುತ್ತದೆ. ಇಲ್ಲವೇ ಹೊತ್ತು ಮೀರಿ ಹೊರಗೆ ಇಟ್ಟ ಅನ್ನ, ಪಲಾವಿನಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್. ಸಾಲ್ಮೊನೆಲ್ಲಾ ಆದರೆ ಕನಿಷ್ಠ ಆರು ಗಂಟೆ ಬೇಕು, ಲಿಸ್ಟೀರಿಯಾಗೆ ವಾರಗಳೇ ಹಿಡಿಯಬಹುದು.

ಹಾಗಾಗಿ ಗೃಹಪ್ರವೇಶದ ಮನೆಯವರ ಹತ್ತಿರ ಕೂತು ಪಟ್ಟಿ ಬರೆಯಿರಿ. ಯಾರು ಪನೀರ್ ತಿಂದರು, ಯಾರು ತಿನ್ನಲಿಲ್ಲ, ಯಾರಿಗೆ ಎಷ್ಟು ಗಂಟೆಗೆ ವಾಂತಿ ಶುರುವಾಯಿತು. ಹುಷಾರಾಗಿ ಇದ್ದವರನ್ನೂ ಕೇಳಲೇಬೇಕು. ಪನೀರ್ ಮುಟ್ಟದವರಿಗೂ ಅಷ್ಟೇ ಪ್ರಮಾಣದಲ್ಲಿ ವಾಂತಿ ಆಗಿದ್ದರೆ ಕಾರಣ ಬೇರೆ ಕಡೆ ಇದೆ. ತಪ್ಪಿಸಿಕೊಳ್ಳಲಿಕ್ಕೆ ಅಂತ ಇದನ್ನು ಹೇಳುತ್ತಿಲ್ಲ. ತಪ್ಪು ಜಾಗ ಹುಡುಕಿದರೆ ಇನ್ನೊಂದು ಮನೆಯ ಮಕ್ಕಳಿಗೆ ಇದೇ ಆಗುತ್ತದೆ, ಅಲ್ವಾ?

ಜಪಾನಿನಲ್ಲಿ 2000ರಲ್ಲಿ ಹೀಗೇ ಆಯಿತು. ಸ್ನೋ ಬ್ರ್ಯಾಂಡ್ ಕಂಪನಿಯ ಹಾಲು ಕುಡಿದು 13,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಒಸಾಕಾ ಫ್ಯಾಕ್ಟರಿಯಲ್ಲಿ ಸರಿಯಾಗಿ ತೊಳೆಯದ ಒಂದು ವಾಲ್ವ್ ಸಿಕ್ಕಿತು, ಎಲ್ಲರೂ ಅದನ್ನೇ ದೂರಿದರು. ಆಮೇಲೆ ಗೊತ್ತಾಯಿತು, ಮೂಲ ಅದಲ್ಲ. ದೂರದ ಹೊಕ್ಕೈಡೊದ ಫ್ಯಾಕ್ಟರಿಯಲ್ಲಿ ಮಾರ್ಚ್ ಕೊನೆಗೆ ಸುಮಾರು 3 ಗಂಟೆ ಕರೆಂಟ್ ಹೋಗಿತ್ತು. ಹಾಲು ಬೆಚ್ಚಗೇ ನಿಂತು ಸ್ಟೆಫಿಲೊಕಾಕಸ್ ಬೆಳೆದು ವಿಷ ಬಿಟ್ಟಿತ್ತು. ಕಾಸಿದಾಗ ಬ್ಯಾಕ್ಟೀರಿಯಾ ಸತ್ತಿತು, ವಿಷ ಸಾಯಲಿಲ್ಲ. ಆ ಹಾಲಿನ ಪುಡಿಯೇ ಒಸಾಕಾಕ್ಕೆ ಹೋಗಿತ್ತು. ಅದರಲ್ಲಿ ಕೆಟ್ಟಿದ್ದು ಅಂತ ಗೊತ್ತಾದ ಒಂದಿಷ್ಟನ್ನು ಮತ್ತೆ ಮುಂದಿನ ಬ್ಯಾಚಿಗೂ ಬೆರೆಸಿದ್ದರು. ಅದಕ್ಕೇ ಹೇಳುವುದು, ವಾಪಸ್ ಬಂದ ಪನೀರನ್ನು ಕಾಸಿ ಬೇರೆ ಏನೋ ಮಾಡೋಣ ಅನ್ನುವ ಯೋಚನೆಯೇ ಬೇಡ.

ನಿಮ್ಮ ಕಡೆ ಭಾನುವಾರ ಕರೆಂಟ್ ಎಷ್ಟು ಹೊತ್ತು ಹೋಗಿತ್ತು? ಹಾಲು ಬಂದು ಕಾಸುವವರೆಗೆ ಎಷ್ಟು ಹೊತ್ತು ಕ್ಯಾನಿನಲ್ಲೇ ಇತ್ತು? ಒತ್ತಿದ ಪನೀರ್ ತಣ್ಣೀರಿನ ತೊಟ್ಟಿಗೆ ಬಿದ್ದಾಗ ಐಸ್ ಇತ್ತಾ, ಕರಗಿತ್ತಾ? ಗಾಡಿಯಲ್ಲಿ ಎಷ್ಟು ಹೊತ್ತು? ನೆನಪಿನಿಂದ ಆದರೂ ಸರಿ, ಗಂಟೆ ಗಂಟೆಯಾಗಿ ಇವತ್ತೇ ಬರೆಯಿರಿ. ನಾಳೆಗೆ ಅರ್ಧ ಮರೆತಿರುತ್ತೀರಿ.

ಕೋಲಿಫಾರ್ಮ್ ವಿಷಯದಲ್ಲಿ ಒಂದು ಮಾತು ಧೈರ್ಯವಾಗಿ ಹೇಳಬಹುದು. ಹಾಲನ್ನು 90 ಡಿಗ್ರಿಗೆ ಕಾಸುತ್ತೀರಿ, ಅದರಲ್ಲಿ ಕೋಲಿಫಾರ್ಮ್ ಉಳಿಯುವುದಿಲ್ಲ. ಅದು ಆಮೇಲೆ ಬಂದಿದೆ. ಬಟ್ಟೆ, ಅಚ್ಚು, ತಣ್ಣೀರಿನ ತೊಟ್ಟಿ, ಚಾಕು, ಕೈ, ಪ್ಯಾಕಿಂಗ್ ಮೇಜು, ಇಷ್ಟರೊಳಗೇ ಇದೆ. ನನಗೆ ಮೊದಲ ಅನುಮಾನ ತೊಟ್ಟಿಯ ನೀರು ಮತ್ತು ಅದಕ್ಕೆ ನೀರು ಬಿಡುವ ನೆಲದ ಮೇಲಿನ ಪೈಪ್.

ಆದರೆ ಅನುಮಾನವನ್ನೇ ಹಿಡಿದು ಕೂರಬೇಡಿ. ಹೂಟಗಳ್ಳಿಯ ನನ್ನ ಘಟಕದಲ್ಲಿ ಹೀಗಾದಾಗ ಚರಂಡಿಯಲ್ಲಿ ಲೋಳೆ ಕಂಡಿತು. ಇದೇ ಅಂತ ಒಂದು ವಾರ ಉಜ್ಜಿದೆವು. ಹತ್ತು ದಿನ ಚೆನ್ನಾಗಿತ್ತು, ಮತ್ತೆ ಪ್ಯಾಕೆಟ್ ಊದಿದವು. ಕೊನೆಗೆ ಸಿಕ್ಕಿದ್ದು ಒತ್ತುವ ಪ್ರೆಸ್ಸಿನ ಚೌಕಟ್ಟಿನಲ್ಲಿ. ಟೊಳ್ಳು ಪೈಪ್, ವೆಲ್ಡಿಂಗ್ ಜಾಗದಲ್ಲಿ ಸೂಜಿಮೊನೆಯಷ್ಟು ತೂತು. ಒಳಗೆ ಹಾಲಿನ ನೀರು ಸೇರಿ ಕೊಳೆತು, ಒತ್ತಿದಾಗಲೆಲ್ಲ ಒಂದೊಂದು ಹನಿ ಅಚ್ಚಿನ ಮೇಲೆ ಬೀಳುತ್ತಿತ್ತು. ಕೊರೆದಾಗ ಬಂದ ವಾಸನೆ ಇನ್ನೂ ಮರೆತಿಲ್ಲ. 2008ರಲ್ಲಿ ಕೆನಡಾದ ಮೇಪಲ್ ಲೀಫ್ ಕಂಪನಿಯಲ್ಲಿ ಮಾಂಸ ಕತ್ತರಿಸುವ ಯಂತ್ರದ ಒಳಗೆ, ದಿನವೂ ತೊಳೆದರೂ ಕೈ ಹೋಗದ ಕಡೆ, ಲಿಸ್ಟೀರಿಯಾ ಅಡಗಿತ್ತು. 20ಕ್ಕೂ ಹೆಚ್ಚು ಜನ ಸತ್ತರು. ಬಿಚ್ಚಲು ಬರುವ ಪ್ರತಿಯೊಂದು ಭಾಗವನ್ನೂ ಬಿಚ್ಚಿಸಿ ನೋಡಿ.

ಸ್ವಾಬ್ (ಜಾಗ ಒರೆಸಿ ಸ್ಯಾಂಪಲ್ ತೆಗೆಯುವ ಹತ್ತಿ ಕಡ್ಡಿ) ತೆಗೆಯುವಾಗ ಪನೀರ್ ತಾಗುವ ಜಾಗದಿಂದ ಶುರು ಮಾಡಿ, ನೆಲ ಮತ್ತು ಚರಂಡಿ ಕೊನೆಗೆ. ಉಲ್ಟಾ ಮಾಡಿದರೆ ನೀವೇ ಕೊಳೆಯನ್ನು ಹರಡುತ್ತೀರಿ. ಕ್ಲೋರಿನ್ ಅಂಶ ಕಳೆಯುವ ದ್ರಾವಣ ಇರುವ ಸ್ವಾಬನ್ನೇ ಕೇಳಿ. ಪ್ರತಿ ಸ್ವಾಬಿಗೂ ಜಾಗ, ಹೊತ್ತು ಬರೆದು ಐಸ್ ಬಾಕ್ಸಿನಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ, 24 ಗಂಟೆಯೊಳಗೆ ಲ್ಯಾಬ್ ಸೇರಲಿ. ಬೋರ್‌ವೆಲ್ ನೀರು ಮತ್ತು ತೊಟ್ಟಿ ನೀರು ಬೇರೆ ಬೇರೆ ಬಾಟಲಿಯಲ್ಲಿ ಕೊಡಿ. ಭಾನುವಾರದ ಪನೀರ್ ಒಂದು ಪ್ಯಾಕೆಟ್ ಉಳಿದಿದ್ದರೆ ಅದೇ ಚಿನ್ನ. ಅದರಲ್ಲಿ ಸ್ಟೆಫಿಲೊಕಾಕಸ್ ಎಣಿಕೆ ಮಾತ್ರ ಸಾಲದು, ಎಂಟರೊಟಾಕ್ಸಿನ್, ಅಂದರೆ ಅದು ಬಿಟ್ಟ ವಿಷದ ಪರೀಕ್ಷೆಯೂ ಬೇಕು ಅನ್ನಿ.

ಕೆಲಸದವರ ಹತ್ತಿರ ಕೂಗಾಡಬೇಡಿ. ಸ್ಟೆಫಿಲೊಕಾಕಸ್ ಎಷ್ಟೋ ಆರೋಗ್ಯವಂತರ ಮೂಗಿನಲ್ಲೇ ಇರುತ್ತದೆ, ಕೈಮೇಲಿನ ಗಾಯ, ಕುರುವಿನಲ್ಲಿ ಇನ್ನೂ ಜಾಸ್ತಿ. ಬೈದರೆ ಗಾಯ ಮುಚ್ಚಿಡುತ್ತಾರೆ. ಗಾಯ ಇದ್ದವರಿಗೆ ಸಂಬಳ ಕಡಿಯದೆ ರಜೆ ಅಂತ ಮೊದಲೇ ಹೇಳಿ, ಆಮೇಲೆ ಕೈ ನೋಡಿ.

ಸ್ಯಾಂಪಲ್ ಹೋದ ಮೇಲೆ ತೊಳೆಯಿರಿ. ಮೊದಲು ಸೋಪು, ಬ್ರಷ್, ನೀರು. ಜಿಡ್ಡಿನ ಮೇಲೆ ಹಾಕಿದ ಕ್ಲೋರಿನ್ ಸುಮ್ನೆ ವ್ಯರ್ಥ. ಆಮೇಲೆ ಪನೀರ್ ತಾಗುವ ಪಾತ್ರೆ, ಮೇಜಿಗೆ 200 ಪಿಪಿಎಂ ಕ್ಲೋರಿನ್ ನೀರು, ಅಂದರೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್. ಶೇ. 30 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ 10 ಲೀಟರ್ ನೀರಿಗೆ ಸುಮಾರು 7 ಗ್ರಾಂ, ಕದಡಿ ತಿಳಿಯನ್ನು ಮಾತ್ರ ಬಳಸಿ. ಚರಂಡಿಗೆ ಜೆಟ್ ಬಿಡಬೇಡಿ, ಹನಿ ಹಾರಿ ಮೇಜಿನ ಮೇಲೆ ಕೂರುತ್ತದೆ. ಹಳೆ ಬಟ್ಟೆಗಳನ್ನೆಲ್ಲ ಸುಟ್ಟುಬಿಡಿ.

ಮತ್ತೆ ಶುರು ಮಾಡುವಾಗ ಸಣ್ಣ ಬ್ಯಾಚ್ ಮಾಡಿ, ರಿಪೋರ್ಟ್ ಬರುವವರೆಗೆ ಒಂದೂ ಹೊರಗೆ ಬಿಡಬೇಡಿ. ನಾನು ಸಾಲಾಗಿ ಮೂರು ಬ್ಯಾಚ್ ಚೆನ್ನಾಗಿ ಬಂದ ಮೇಲೆಯೇ ಮಾರಿದ್ದು. ಅಲ್ಲಿವರೆಗೆ ರೈತರ ಹಾಲು ನಿಲ್ಲಿಸಬೇಡಿ, ಊರಿನ ಡೇರಿಗೆ ಹಾಕಿಸಿ.

ನನ್ನ ಹತ್ತಿರ 20 ಸ್ವಾಬ್ ಮತ್ತು ಒಂದು ಐಸ್ ಬಾಕ್ಸ್ ಇದೆ. ನಾಳೆ ಬೆಳಿಗ್ಗೆ ಏಳಕ್ಕೆ ಹೊರಟರೆ ಎಂಟೂವರೆಗೆ ನಿಮ್ಮಲ್ಲಿರುತ್ತೇನೆ. ಅಲ್ಲಿವರೆಗೆ ಪ್ರೆಸ್ ಹತ್ತಿರ ಯಾರಿಗೂ ನೀರು ಹಾಕಲು ಬಿಡಬೇಡಿ.