ರಕ್ತ ಯಾಕೆ ಹೋಯಿತೆಂದು ಯಾರೂ ಹೇಳುತ್ತಿಲ್ಲ

ಓದುಗರ ಪ್ರಶ್ನೆಗೆ ಸ್ತ್ರೀರೋಗ ತಜ್ಞೆಯ ಉತ್ತರ

ಪ್ರಶ್ನೆ: ನಾನು ನಾಪೋಕ್ಲು ಕಡೆಯವಳು, ವಯಸ್ಸು 27. ಯಜಮಾನರು ಕಾಫಿ ತೋಟದಲ್ಲಿ ರೈಟರು. ಹೋದ ವರ್ಷ ಎರಡು ತಿಂಗಳಲ್ಲೇ ಗರ್ಭಪಾತ ಆಯಿತು. ಈಗ ಮತ್ತೆ ಏಳು ವಾರ. ಆಗಸ್ಟ್ 1ರಂದು ರಕ್ತ ಕಾಣಿಸಿತು. ಮಡಿಕೇರಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಮಗುವಿನ ಎದೆಬಡಿತ ಇದೆ, ರಕ್ತ ಹೋಗಲು ಕಾರಣ ಏನೂ ಕಾಣುತ್ತಿಲ್ಲ, ಹತ್ತು ದಿನ ಬಿಟ್ಟು ಬನ್ನಿ ಅಂದರು. ಒಳಗಿಡುವ ಮಾತ್ರೆ ಬರೆದುಕೊಟ್ಟಿದ್ದಾರೆ, ಹೆದರಿಕೆಯಿಂದ ಇಟ್ಟಿಲ್ಲ. ಮಾರನೇ ದಿನಕ್ಕೆ ರಕ್ತ ನಿಂತಿತ್ತು. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಪಾಯಸ ತಿಂದೆ, ಮರುದಿನ ಬೆಳಿಗ್ಗೆ ಟಾಯ್ಲೆಟ್ಟಿನಲ್ಲಿ ಮತ್ತೆ ಕೆಂಪು. ನೀರಿನ ಕೊಡ ಎತ್ತಿದ್ದಕ್ಕೇ ಹೀಗಾಯಿತು ಅಂತ ಅತ್ತೆ ಮಂಚ ಬಿಟ್ಟು ಇಳಿಯಲು ಬಿಡುತ್ತಿಲ್ಲ. ಈ ಮಗುವಾದರೂ ನಿಲ್ಲುತ್ತದಾ ಡಾಕ್ಟರೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರ ನೋಡಿದ ದಿನವೇ ವಾಟ್ಸ್ಯಾಪಿನಲ್ಲಿ ಚಿಕ್ಕದಾಗಿ ಉತ್ತರಿಸಿದ್ದೆ. ಇದೇ ಹೆದರಿಕೆಯಲ್ಲಿ ಕೂತಿರುವ ಇನ್ನೆಷ್ಟೋ ಹೆಣ್ಣುಮಕ್ಕಳಿಗೂ ಬೇಕಾಗುತ್ತದೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಕೆಂಪಿನ ವಿಷಯ. ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಗಾಗುವುದು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಆದರೆ ಎರಡು-ಮೂರು ದಿನದ ಹಿಂದಷ್ಟೇ ರಕ್ತ ಕಂಡು ಬೆದರಿದವಳಿಗೆ ಅದು ಹೊಳೆಯುವುದಿಲ್ಲ. ಕಕ್ಕಡ (ಆಟಿ) ತಿಂಗಳಲ್ಲಿ ಹೀಗೆ ಗಾಬರಿಬಿದ್ದು ಬಂದವರನ್ನು ನಾನು ನೋಡಿದ್ದೇನೆ. ಬಿಳಿ ಪ್ಯಾಡ್ ಇಟ್ಟುಕೊಂಡು ಒಂದೆರಡು ಗಂಟೆ ಬಿಟ್ಟು ನೋಡಿ. ಪ್ಯಾಡ್ ಶುಭ್ರವಾಗಿದ್ದು ಮೂತ್ರ ಮಾತ್ರ ಕೆಂಪಗಿದ್ದರೆ ಅದು ಸೊಪ್ಪಿನ ಬಣ್ಣ, ಒಂದೆರಡು ದಿನದಲ್ಲಿ ಹೋಗುತ್ತದೆ. ಪ್ಯಾಡಿಗೆ ಕೆಂಪು ಹತ್ತಿದರೆ ರಕ್ತವೇ. ಪಾಯಸದ ಬಣ್ಣ ಇರಬೇಕು ಅಂದುಕೊಂಡು ಸುಮ್ಮನಿರಬೇಡಿ, ಡಾಕ್ಟರಿಗೆ ತಿಳಿಸಿ. ಮೊದಲ ರಕ್ತ ಕಂಡದ್ದು ಪಾಯಸ ತಿನ್ನುವುದಕ್ಕೂ ಮುಂಚೆ ಅನ್ನುವುದನ್ನು ಅತ್ತೆಗೂ ಹೇಳಿ, ಆ ಪಾಯಸದ ಮೇಲೆ ತಪ್ಪು ಹೊರಿಸುವುದು ಬೇಡ.

ಕೊಡದ ಮೇಲೂ ಬೇಡ. ಕೊಡ ಎತ್ತಿದ್ದು, ಮೆಟ್ಟಿಲು ಹತ್ತಿದ್ದು, ಜೀಪಿನಲ್ಲಿ ಕುಲುಕಿದ್ದು, ಇವುಗಳಿಂದ ಚೆನ್ನಾಗಿ ಬೆಳೆಯುತ್ತಿರುವ ಬಸಿರು ಹೋಗುವುದಿಲ್ಲ. ಆರಂಭದಲ್ಲೇ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮುಗಳ ಏರುಪೇರೇ ಕಾರಣ. ಅದು ಗರ್ಭ ಕಟ್ಟುವಾಗಲೇ ಆಗಿಹೋಗಿರುತ್ತದೆ. ಹೋದ ವರ್ಷದ್ದಕ್ಕೂ ನಿಮ್ಮನ್ನು ನೀವೇ ದೂಷಿಸಿಕೊಳ್ಳುತ್ತಿದ್ದೀರೆಂದು ನಿಮ್ಮ ಬರಹದಲ್ಲೇ ಗೊತ್ತಾಗುತ್ತದೆ. ದಯವಿಟ್ಟು ಅದನ್ನು ಇಲ್ಲಿಗೇ ಬಿಡಿ.

‘ಕಾರಣ ಕಾಣುತ್ತಿಲ್ಲ’ ಅಂದರೆ ಡಾಕ್ಟರು ಸರಿಯಾಗಿ ನೋಡಲಿಲ್ಲ ಅಂತಲ್ಲ, ನಿಮ್ಮಿಂದ ಏನನ್ನೋ ಮುಚ್ಚಿಟ್ಟಿದ್ದಾರೆ ಅಂತಲೂ ಅಲ್ಲ. ಮೊದಲ 12 ವಾರಗಳಲ್ಲಿ ನಾಲ್ವರು ಗರ್ಭಿಣಿಯರಲ್ಲಿ ಒಬ್ಬರಿಗಾದರೂ ಸ್ವಲ್ಪ ರಕ್ತ ಕಾಣಿಸುತ್ತದೆ. ಗರ್ಭಚೀಲಕ್ಕೂ ಗರ್ಭಕೋಶದ ಗೋಡೆಗೂ ನಡುವೆ ಒಂದಿಷ್ಟು ರಕ್ತ ನಿಂತು ಹೊರಬರಬಹುದು. ತೀರಾ ಚಿಕ್ಕದಾದರೆ ಅದು ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ಬಸುರಿಯಲ್ಲಿ ಗರ್ಭಕೋಶದ ಬಾಯಿಗೆ ರಕ್ತದ ಓಡಾಟ ಹೆಚ್ಚಿರುವುದರಿಂದ ಗಂಡಹೆಂಡಿರು ಸೇರಿದ ಮೇಲೋ, ಸೋಂಕಾದರೋ ಅಲ್ಲಿಂದಲೂ ಜಿನುಗುತ್ತದೆ. ಬಹಳ ಸಲ ಕಾರಣ ಸಿಗುವುದೇ ಇಲ್ಲ, ರಕ್ತ ತಾನಾಗಿ ನಿಂತು ಬಸಿರು ಮುಂದುವರಿಯುತ್ತದೆ. ನಿಮಗೆ ಈ ಹೊತ್ತಿನಲ್ಲಿ ಮುಖ್ಯವಾದದ್ದು ಆ ಎದೆಬಡಿತ. ರಕ್ತ ಕಂಡರೂ ಎದೆಬಡಿತ ಸ್ಪಷ್ಟವಾಗಿದ್ದರೆ ಹತ್ತರಲ್ಲಿ ಸುಮಾರು ಒಂಬತ್ತು ಬಸಿರು ನಿಲ್ಲುತ್ತವೆ. ಖಂಡಿತ ನಿಲ್ಲುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೆ ಧೈರ್ಯ ತಂದುಕೊಳ್ಳಲು ನಿಮಗೆ ಗಟ್ಟಿ ಆಧಾರ ಇದೆ.

ಮಾತ್ರೆಯನ್ನು ಇಟ್ಟುಕೊಳ್ಳಿ. ನೀವು ತಿಳಿಸಿದ ಹೆಸರು ನೋಡಿದರೆ ಅದು ಬಸಿರು ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ನಾಲ್ಕು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡಿತ್ತು. ಹಿಂದೆ ಗರ್ಭಪಾತವಾಗಿ ಈ ಸಲವೂ ರಕ್ತ ಕಂಡವರಿಗೆ ಈ ಔಷಧಿಯಿಂದ ಸ್ವಲ್ಪ ಪ್ರಯೋಜನವಿದೆ ಎಂದು ಅದರಲ್ಲಿ ಕಂಡುಬಂತು. ಹಿಂದೆ ಗರ್ಭಪಾತ ಆಗದವರಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಡಾಕ್ಟರು ಯೋಚಿಸಿಯೇ ಬರೆದಿದ್ದಾರೆ. ಬೆರಳಿನಿಂದ ಯೋನಿಯೊಳಗೆ ಇಟ್ಟರೆ ಮಗುವಿಗೆ ತಾಗುವುದಿಲ್ಲ. ಬಿಳಿಯಾಗಿ ಸ್ವಲ್ಪ ಹೊರಬರುವುದು ಔಷಧಿಯ ಶೇಷ. ಒಳಗಿನಿಂದ ಮಾಡುವ ಸ್ಕ್ಯಾನ್ ಬಗ್ಗೆಯೂ ಇದೇ ಭಯ ಎಷ್ಟೋ ಜನರಿಗೆ ಇರುತ್ತದೆ. ಅದರಿಂದ ಬಸಿರಿಗೆ ಏನೂ ಆಗುವುದಿಲ್ಲ.

ಅತ್ತೆ ನಿಮ್ಮನ್ನು ಮಲಗಿಸಿರುವುದು ಪ್ರೀತಿಯಿಂದ, ಅದು ನನಗೆ ಅರ್ಥವಾಗುತ್ತದೆ. ಆದರೆ ಮಲಗಿದ್ದರೆ ಮಗು ನಿಲ್ಲುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ದಿನಗಟ್ಟಲೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಎದ್ದು ಓಡಾಡಿ, ಕೈಲಾದ ಅಡುಗೆ ಮಾಡಿ, ಸುಸ್ತಾದರೆ ಕೂತುಕೊಳ್ಳಿ. ರಕ್ತ ಪೂರ್ತಿ ನಿಲ್ಲುವವರೆಗೆ ಗಂಡಹೆಂಡಿರು ಸೇರುವುದು ಬೇಡ. ಈ ಹತ್ತು ದಿನ ಕಾಯುವುದೇ ಎಲ್ಲಕ್ಕಿಂತ ಕಷ್ಟ. ರಾತ್ರಿ ನಿದ್ದೆ ಬಾರದಿದ್ದರೆ ಯಜಮಾನರನ್ನು ಎಬ್ಬಿಸಿ ಮಾತಾಡಿ. ಅವರಿಗೂ ಹೋದ ವರ್ಷದ ನೋವು ಇದ್ದೇ ಇರುತ್ತದೆ.

ನಾನು ನಿಜವಾಗಿ ಹೆದರುವುದು ನಿಮ್ಮೂರಿನ ಮಳೆಗೆ. ಕಾವೇರಿ ತುಂಬಿದರೆ ನಾಪೋಕ್ಲು ಕಡೆ ರಸ್ತೆ ಮೇಲೆ ನೀರು ಬರುತ್ತದೆ, ಮರ ಬಿದ್ದರೆ ಕರೆಂಟೂ ಇಲ್ಲ, ಫೋನೂ ಇಲ್ಲ. ಜೋರು ಮಳೆಯ ಮುನ್ಸೂಚನೆ ಇದ್ದರೆ ಮುಂದಿನ ಸ್ಕ್ಯಾನ್ ತನಕ ಮಡಿಕೇರಿಯಲ್ಲಿ ನೆಂಟರ ಮನೆಯಲ್ಲಿರಿ. ಅದಾಗದಿದ್ದರೆ ಹತ್ತಿರದಲ್ಲಿ ಜೀಪು ಯಾರ ಬಳಿ ಇದೆಯೋ ಅವರಿಗೆ ಈಗಲೇ ಹೇಳಿಡಿ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆಗಳು ಬಿದ್ದರೆ, ಹೊಟ್ಟೆನೋವು ತಡೆಯಲಾಗದಿದ್ದರೆ, ಕಣ್ಣು ಕತ್ತಲೆ ಬಂದರೆ, ಜ್ವರವೋ ದುರ್ವಾಸನೆಯೋ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹೊರಡಿ. ಇನ್ನೂ ಒಮ್ಮೆಯೂ ಸ್ಕ್ಯಾನ್ ಮಾಡಿಸದ ಓದುಗರಿಗೆ ಇನ್ನೊಂದು ಮಾತು: ಮುಟ್ಟು ನಿಂತ ಮೇಲೆ ಸ್ವಲ್ಪವೇ ರಕ್ತ ಹೋದರೂ ಹೊಟ್ಟೆಯ ಒಂದೇ ಪಕ್ಕ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಇದ್ದರೆ ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿರಬಹುದು. ನಾಳ ಒಡೆದರೆ ಜೀವಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ನಿಮ್ಮ ರಕ್ತದ ಗುಂಪು ಯಾವುದೆಂದು ಪತ್ರದಲ್ಲಿಲ್ಲ. ತಾಯಿ ಕಾರ್ಡ್ ತೆಗೆದು ನೋಡಿ. ನೆಗೆಟಿವ್ ಆಗಿದ್ದು ಯಜಮಾನರದು ಪಾಸಿಟಿವ್ ಆಗಿದ್ದರೆ ಇವತ್ತೇ ನಿಮ್ಮ ಡಾಕ್ಟರಿಗೆ ತಿಳಿಸಿ. ಮಗುವಿನ ಪಾಸಿಟಿವ್ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯ ಕಟ್ಟದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ ಬೇಕೋ ಬೇಡವೋ ಎಂದು ಬಸಿರಿನ ವಾರ, ರಕ್ತದ ಪ್ರಮಾಣ ನೋಡಿ ಅವರು ತೀರ್ಮಾನಿಸುತ್ತಾರೆ. ಕೊಡುವುದಾದರೆ ರಕ್ತ ಹೋದ 72 ಗಂಟೆಯೊಳಗೆ ಕೊಡುವುದು ಒಳ್ಳೆಯದು, ಹಾಗಾಗಿ ಮತ್ತೆ ರಕ್ತ ಕಂಡರೆ ಫೋನ್ ಮಾಡುವಾಗಲೇ ಗುಂಪನ್ನೂ ಹೇಳಿ.