ಓದುಗರ ಪ್ರಶ್ನೆ: ಮೊದಲ ಜೇನು ಪೆಟ್ಟಿಗೆ

ನಮ್ಮದು ಒಂದೂವರೆ ಎಕರೆ ರೊಬಸ್ಟಾ ಕಾಫಿ ತೋಟ. ಜೇನು ಸಾಕಿ ಗೊತ್ತಿಲ್ಲ. ಎಷ್ಟು ಪೆಟ್ಟಿಗೆಯಿಂದ, ಯಾವ ತಿಂಗಳಲ್ಲಿ ಶುರು ಮಾಡಬೇಕು?
– ಓದುಗರೊಬ್ಬರು, ನಾಪೋಕ್ಲು

ಎರಡು ಪೆಟ್ಟಿಗೆ ಸಾಕು. ಒಂದೇ ಇದ್ದರೆ ರಾಣಿ ಸತ್ತ ದಿನ ಕೈಕಟ್ಟಿ ಕೂರಬೇಕು. ಎರಡಿದ್ದರೆ ಪಕ್ಕದ ಪೆಟ್ಟಿಗೆಯಿಂದ ಹೊಸ ಮೊಟ್ಟೆಗಳಿರುವ ಒಂದು ಎರಿ (ಮೇಣದ ತಟ್ಟಿ) ತೆಗೆದುಕೊಡಬಹುದು, ಕೆಲಸಗಾರ ಹುಳುಗಳೇ ರಾಣಿ ಬೆಳೆಸಿಕೊಳ್ಳುತ್ತವೆ. ಸಬ್ಸಿಡಿ ಇದೆಯೆಂದು ಹತ್ತು ತಂದು ಸಾಲಾಗಿ ಇಡಬೇಡಿ.

ಮಳೆ ಬಿಟ್ಟ ಮೇಲೆ, ಅಕ್ಟೋಬರ್–ನವೆಂಬರಿನಲ್ಲಿ ತನ್ನಿ. ಪೆಟ್ಟಿಗೆಯಲ್ಲಿ ಸಾಕುವ ನಾಡಜೇನಾದ ತುಡುವೆಯ ಮೊಟ್ಟೆ ನೊಣವಾಗಿ ಹೊರಬರಲು ಸುಮಾರು 20 ದಿನ, ಅದು ಹೂವಿಗೆ ಹೋಗಲು ಮತ್ತೆ ಎರಡು ಮೂರು ವಾರ. ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಬಿದ್ದು ಎಂಟು ಹತ್ತು ದಿನಕ್ಕೆ ಅರಳುವ ಕಾಫಿ ಹೂವು ಎರಡು ಮೂರು ದಿನದಲ್ಲಿ ಬಾಡುತ್ತದೆ. ಅಂದರೆ ಮಾರ್ಚಿನ ಹೂವಿಗೆ ಹಾರುವ ಹುಳು ಜನವರಿಯ ಮೊಟ್ಟೆ. ಫೆಬ್ರವರಿಯಲ್ಲಿ ತಂದ ಪುಟ್ಟ ಕುಟುಂಬಕ್ಕೆ ಆ ಹೂವು ದಕ್ಕುವುದಿಲ್ಲ.

ಕೊಳ್ಳುವಾಗ ಎರಿ ಎತ್ತಿ ನೋಡಿ: ಒಂದು ಕಣದಲ್ಲಿ ಒಂದೇ ಮೊಟ್ಟೆ ಇರಬೇಕು. ಒಂದೇ ಕಣದಲ್ಲಿ ಮೂರು ನಾಲ್ಕು ಕಂಡರೆ ರಾಣಿಯಿಲ್ಲ, ಕೆಲಸಗಾರ ಹುಳುಗಳೇ ಮೊಟ್ಟೆ ಇಡುತ್ತಿವೆ. ಮರಿಹುಳು ತಲೆ ಮೇಲೆತ್ತಿ ಸತ್ತು, ನೀರು ತುಂಬಿದ ಚೀಲದಂತಾಗಿದ್ದರೆ ಆ ಪೆಟ್ಟಿಗೆ ಮುಟ್ಟಬೇಡಿ. 1990ರ ದಶಕದಲ್ಲಿ ಕೊಡಗಿನ ಪೆಟ್ಟಿಗೆಗಳನ್ನು ಬರಿದು ಮಾಡಿದ ಥಾಯ್ ಸ್ಯಾಕ್‌ಬ್ರೂಡ್ ರೋಗದ ಗುರುತು ಅದೇ.

ಪೆಟ್ಟಿಗೆಯನ್ನು ಸಂಜೆ, ಬಾಗಿಲಿಗೆ ಜಾಲರಿ ಕಟ್ಟಿ ಸಾಗಿಸಿ. ಬೆಳಗಿನ ಬಿಸಿಲು ಬೀಳುವ ಕಡೆ ಎರಡಡಿ ಎತ್ತರದ ಸ್ಟ್ಯಾಂಡಿನ ಮೇಲಿಟ್ಟು, ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಇಲ್ಲವಾದರೆ ಇರುವೆ ಬಿಡುವುದಿಲ್ಲ. ಆಮೇಲೆ ಜಾಗ ಹಿಡಿಸಲಿಲ್ಲವೆಂದು ನೂರು ಅಡಿ ಆಚೆ ಒಯ್ಯಬೇಡಿ. ಮೇಯಲು ಹೋದ ಹುಳುಗಳು ಹಳೆಯ ಜಾಗಕ್ಕೇ ಬಂದು ಸುತ್ತುತ್ತವೆ.

ಜುಲೈಯಲ್ಲಿ ಜೇನು ಪೆಟ್ಟಿಗೆ ಬಿಟ್ಟು ಹೋಯಿತು. ಎರಿಯಲ್ಲಿ ಬಲೆ, ಹುಳ. ಮೇಣದ ಪತಂಗಕ್ಕೆ ಏನು ಔಷಧಿ?
– ಓದುಗರೊಬ್ಬರು, ಸೋಮವಾರಪೇಟೆ

ಔಷಧಿ ಬೇಡ, ಊಟ ಬೇಕಿತ್ತು. ಪತಂಗ ಬರುವುದು ಜೇನುಹುಳು ಕಡಿಮೆಯಾಗಿ ಎರಿ ಬರಿದಾದ ಮೇಲೆ. ಹುಳು ಕಡಿಮೆಯಾಗಿದ್ದು ಹಸಿವಿನಿಂದ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡದೆ ಸುರಿಯುವಾಗ ಅವು ಹೊರಗೆ ಹೋಗಲಾರವು. ಒಂದು ಕೆಜಿ ಸಕ್ಕರೆಗೆ ಒಂದು ಲೀಟರ್ ಬಿಸಿನೀರು ಸೇರಿಸಿ ಕರಗಿಸಿ, ಆರಿದ ಮೇಲೆ ವಾರಕ್ಕೆ ಎರಡು ಸಲ ಒಂದು ಲೋಟದಷ್ಟು ಪೆಟ್ಟಿಗೆಯ ಒಳಗೇ ಇಡಿ. ಮುಳುಗಿ ಸಾಯದಂತೆ ಪಾಕದ ಮೇಲೆ ಕಡ್ಡಿ ತೇಲಿಬಿಡಿ. ಕತ್ತಲಾದ ಮೇಲೆಯೇ ಕೊಡಿ, ಹೊರಗೆ ಚೆಲ್ಲಬೇಡಿ: ವಾಸನೆಗೆ ಬೇರೆ ಪೆಟ್ಟಿಗೆಯ ಹುಳುಗಳು ಕೊಳ್ಳೆಗೆ ಬರುತ್ತವೆ.

ಹುಳು ಕೂರದ ಎರಿಗಳನ್ನೆಲ್ಲ ತೆಗೆದುಬಿಡಿ. ಅಡಿಹಲಗೆಯ ಕಸವನ್ನು ವಾರಕ್ಕೊಮ್ಮೆ ಕೆರೆಯಿರಿ, ಪತಂಗದ ಮರಿ ಅಲ್ಲೇ ಬೆಳೆಯುವುದು. ಪೆಟ್ಟಿಗೆ ಬಾಗಿಲ ಕಡೆಗೆ ತುಸು ವಾಲಿರಲಿ, ನೀರು ನಿಲ್ಲುವುದಿಲ್ಲ.

ಮೊದಲ ವರ್ಷವೇ ಜೇನು ತೆಗೆಯಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಮೇಲಿನ ಜೇನು ಕೋಣೆಯ ಎರಿಯಲ್ಲಿ ಮುಕ್ಕಾಲು ಪಾಲು ಕಣಗಳಿಗೆ ಮೇಣದ ಮುಚ್ಚಳ ಬಿದ್ದಿದ್ದರೆ ತೆಗೆಯಿರಿ. ಮುಚ್ಚಳ ಬೀಳದ ಜೇನಿನಲ್ಲಿ ನೀರು ಹೆಚ್ಚು, ಬಾಟಲಿಯಲ್ಲಿ ಹುಳಿಯುತ್ತದೆ. ಮೊಟ್ಟೆ ಮರಿಗಳಿರುವ ಕೆಳಗಿನ ಸಂಸಾರ ಕೋಣೆಯದು ಮಾತ್ರ ಅವುಗಳ ಮಳೆಗಾಲದ ಬುತ್ತಿ, ಅದಕ್ಕೆ ಕೈ ಹಾಕಬೇಡಿ.