ಬೇರೆ ಕ್ರೈಸ್ತ ಸಭೆಯವರ ಜೊತೆ ಎಲ್ಲಿಂದ ಶುರು ಮಾಡೋಣ?

ಪ್ರಶ್ನೆ: ಕಥೋಲಿಕರು, ಪ್ರಾಟೆಸ್ಟೆಂಟರು, ಪೆಂತೆಕೋಸ್ತಿನವರು ಸೇರಿ ಐಕ್ಯ ಪ್ರಾರ್ಥನೆ ನಡೆಸಬೇಕೆಂದಿದ್ದೇವೆ. ಕಳೆದ ಸಲ ಪ್ರಭುಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ವಿಚಾರಕ್ಕೆ ಮನಸ್ತಾಪವಾಗಿ ಎಲ್ಲ ಅಲ್ಲಿಗೇ ನಿಂತಿತು. ಈ ಸಲ ಏನು ಮಾಡಬೇಕು?

ಉತ್ತರ: ಪ್ರಭುಭೋಜನದ ತಂಟೆಗೆ ಸದ್ಯಕ್ಕೆ ಹೋಗಬೇಡಿ. ಕಥೋಲಿಕರಿಗೂ ಆರ್ಥಡಾಕ್ಸ್‌ನವರಿಗೂ ಅದು ಐಕ್ಯ ಕೈಗೂಡಿದ ಮೇಲಿನ ಗುರುತು. ಅನೇಕ ಪ್ರಾಟೆಸ್ಟೆಂಟ್ ಸಭೆಗಳಾದರೋ ದೀಕ್ಷಾಸ್ನಾನವಾದ ಯಾರನ್ನೂ ಅದಕ್ಕೆ ಕರೆಯುತ್ತವೆ. ಇವರು ಪ್ರೀತಿಯಿಂದ ಕರೆದದ್ದೇ ಅವರಿಗೆ ಧರ್ಮಸಂಕಟವಾಗುತ್ತದೆ. 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಸೇರಿದ್ದ ಸಭೆಗಳ ಸಮ್ಮೇಳನ ಈ ಗಂಟಿಗೆ ಒಳ್ಳೆಯ ದಾರಿ ತೋರಿಸಿತು: ನಂಬಿಕೆಯ ಆಳವಾದ ಭೇದದಿಂದಾಗಿ ಬೇರೆಬೇರೆಯಾಗಿಯೇ ಮಾಡಬೇಕಾದದ್ದನ್ನು ಬಿಟ್ಟು, ಮಿಕ್ಕಿದ್ದನ್ನೆಲ್ಲ ಒಟ್ಟಿಗೆ ಮಾಡಬಾರದೇಕೆ ಎಂದು ಅದು ಕೇಳಿತು.

1908ರಲ್ಲಿ ಶುರುವಾದ ಐಕ್ಯ ಪ್ರಾರ್ಥನೆಯ ವಾರ ಹೆಚ್ಚಿನ ಕಡೆ ಜನವರಿ 18ರಿಂದ 25ರವರೆಗೆ ನಡೆಯುತ್ತದೆ. ಅದರಲ್ಲಿ ಒಂದು ಸಂಜೆ, ನಲವತ್ತೈದು ನಿಮಿಷ ಸಾಕು. ಎರಡು ಹಾಡು, ಎರಡು ಬೈಬಲ್ ವಾಚನ, ಏಳೆಂಟು ನಿಮಿಷದ ಸಂದೇಶ, ಇತರರಿಗಾಗಿ ಬೇಡುವ ಮಧ್ಯಸ್ಥಿಕೆ ಪ್ರಾರ್ಥನೆ, ಕೆಲವು ನಿಮಿಷ ಮೌನ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ.

ಎಡವುವುದು ಸಣ್ಣ ವಿಷಯಗಳಲ್ಲಿ. ಕಥೋಲಿಕ ಬೈಬಲ್‌ನಲ್ಲಿ 73 ಪುಸ್ತಕ, ಪ್ರಾಟೆಸ್ಟೆಂಟ್ ಬೈಬಲ್‌ನಲ್ಲಿ 66. ವಾಚನವನ್ನು ಆ 66ರೊಳಗಿಂದಲೇ ಆರಿಸಿ. ಕರ್ತನ ಪ್ರಾರ್ಥನೆಯಲ್ಲಿ 'ಕೇಡಿನಿಂದ ತಪ್ಪಿಸು' ಎನ್ನುತ್ತಲೇ ಕಥೋಲಿಕರು ನಿಲ್ಲಿಸುತ್ತಾರೆ, ಪ್ರಾಟೆಸ್ಟೆಂಟರು 'ರಾಜ್ಯವೂ ಬಲವೂ ಮಹಿಮೆಯೂ' ಎಂದು ಮುಂದುವರಿಸುತ್ತಾರೆ. ಅರ್ಧ ಜನ ಸುಮ್ಮನಾಗಿ ಅರ್ಧ ಜನ ಹೇಳುತ್ತಾ ಹೋದರೆ ಬಂದವರಿಗೆಲ್ಲ ಇರುಸುಮುರುಸು. ಯಾವ ರೂಪವೆಂದು ಮೊದಲೇ ತೀರ್ಮಾನಿಸಿ, ಪೂರ್ತಿ ಪಾಠ ಅಚ್ಚು ಹಾಕಿಸಿ ಕೈಗೆ ಕೊಡಿ. ಸಂತರನ್ನು ಬೇಡುವ ಪ್ರಾರ್ಥನೆ, ಪವಿತ್ರಾತ್ಮದ ಪ್ರೇರಣೆಯಿಂದ ಬರುತ್ತದೆಂದು ಪೆಂತೆಕೋಸ್ತಿನವರು ನಂಬುವ ಅನ್ಯಭಾಷೆಯ ಪ್ರಾರ್ಥನೆ ಎರಡೂ ಆ ಸಂಜೆಗೆ ಬೇಡ. ಸಂದೇಶ ಕೊಡುವವರು ಆತಿಥೇಯ ಸಭೆಯವರಾಗದಿದ್ದರೆ ಒಳ್ಳೆಯದು. ಇಲ್ಲವಾದರೆ ಉಳಿದವರು ನೆಂಟರಾಗಿಯೇ ಉಳಿಯುತ್ತಾರೆ. ಹಾಡುಗಳಿಗೂ ಇದೇ ಮಾತು.

ಪ್ರಶ್ನೆ: ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಅವರವರ ದಾರಿ ಹಿಡಿಯುತ್ತಾರೆ. ಆರಾಧನೆಯಾಚೆಗೆ ಸಭೆಗಳು ಸೇರಿ ಏನು ಮಾಡಬಹುದು?

ಉತ್ತರ: ಬಟ್ಟೆಯಿಲ್ಲದೆ ಹಸಿದು ಬಂದವರಿಗೆ 'ಸಮಾಧಾನದಿಂದ ಹೋಗಿರಿ' ಎಂದು ಬಾಯಿಮಾತು ಹೇಳಿದರೆ ಏನು ಪ್ರಯೋಜನ ಎಂದು ಬೈಬಲ್‌ನ ತನ್ನ ಪತ್ರಿಕೆಯಲ್ಲಿ ಯಾಕೋಬನು (2:15-16) ಕೇಳುತ್ತಾನೆ. ದೊಡ್ಡ ಯೋಜನೆ ಬೇಡ, ಒಂದೇ ಕೆಲಸ ಹಿಡಿಯಿರಿ. ಒಂಟಿಯಾಗಿರುವ ರೋಗಿಗಳ ಭೇಟಿ ಒಳ್ಳೆಯ ಆರಂಭ: ಒಂದೊಂದು ಸಭೆಯಿಂದ ಒಬ್ಬರಂತೆ ಜೋಡಿ, ವಾರಕ್ಕೊಂದು ದಿನ, ಒಬ್ಬ ರೋಗಿಯ ಬಳಿ ಹದಿನೈದು ನಿಮಿಷ ಮೀರದಂತೆ. ರೋಗಿ ಕೇಳದೆ ಪ್ರಾರ್ಥನೆ ಶುರು ಮಾಡಬಾರದು, ಕರಪತ್ರ ಕೊಡಬಾರದು. ಒಂದು ಸಭೆ ಇನ್ನೊಂದರ ವಿಶ್ವಾಸಿಗಳನ್ನು ಸೆಳೆಯುತ್ತಿದೆ ಎಂಬ ಗುಮಾನಿ ಒಮ್ಮೆ ಹುಟ್ಟಿತೋ, ಕೆಲಸ ಕೆಟ್ಟಿತು.

ದುಡ್ಡು ಸೇರಿಸುವುದಾದರೆ ಜಂಟಿ ಖಾತೆ ತೆರೆದು, ಬೇರೆಬೇರೆ ಸಭೆಯ ಇಬ್ಬರ ಸಹಿ ಇದ್ದರಷ್ಟೇ ಹಣ ತೆಗೆಯುವಂತಿರಲಿ. ತಿಂಗಳ ಲೆಕ್ಕವನ್ನು ಎಲ್ಲ ಸಭೆಗಳಲ್ಲೂ ಓದಿ ಹೇಳಲಿ. ಹೆಚ್ಚು ಕೊಟ್ಟವರ ಮಾತೇ ನಡೆಯುವಂತಾದರೆ ಸಣ್ಣ ಸಭೆಯವರು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಮತ ಸಭೆಗೊಂದು, ಕಾಣಿಕೆ ಎಷ್ಟೇ ಇರಲಿ. ಬ್ಯಾನರಿನಲ್ಲಿ ಯಾರ ಹೆಸರು ಮೊದಲು ಎಂಬ ಜಗಳಕ್ಕೆ ಮದ್ದು ಬ್ಯಾನರ್ ಹಾಕಿಸದಿರುವುದೇ.

ಇಷ್ಟರ ಜೊತೆಗೆ ಸಭೆಯ ಒಳಗೂ ಒಮ್ಮೆ ನೋಡಿಕೊಳ್ಳಿ. ಕೂಲಿಯವನ ಕೂಲಿ ರಾತ್ರಿ ಕಳೆಯುವವರೆಗೆ ನಿಮ್ಮಲ್ಲಿ ಇರಬಾರದು ಎನ್ನುತ್ತದೆ ಯಾಜಕಕಾಂಡ 19:13. ಆರಾಧನಾ ಮಂದಿರ ಗುಡಿಸುವವರ ಸಂಬಳ ಸರಿಯಾದ ದಿನಕ್ಕೆ ಸಿಗುತ್ತಿದೆಯೇ?

ಪ್ರಶ್ನೆ: ಎಲ್ಲ ಸಭೆಗಳೂ ಒಂದೇ ಆಡಳಿತಕ್ಕೆ ಬರುವುದು ಸಾಧ್ಯವೇ?

ಉತ್ತರ: ಕೆಲವು ಬಂದಿವೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಾಗಿ (ಸಿಎಸ್‌ಐ) ಕೂಡಿಬಂತು. ಸೇರಬೇಕಿದ್ದವರಲ್ಲೇ ಭೇದವಿತ್ತು: ಆಂಗ್ಲಿಕನ್ನರಲ್ಲಿ ಬಿಷಪರಿದ್ದರು, ಪ್ರೆಸ್ಬಿಟೇರಿಯನ್ನರಲ್ಲೂ ಕಾಂಗ್ರಿಗೇಷನಲಿಸ್ಟರಲ್ಲೂ ಇರಲಿಲ್ಲ. ಹಳೆಯ ಸಭಾಪಾಲಕರಿಗೆ ಮತ್ತೆ ಅಭಿಷೇಕ (ಪಾಲಕರಾಗಿ ನೇಮಿಸುವ ವಿಧಿ) ಮಾಡದೆ ಹಾಗೆಯೇ ಒಪ್ಪಿಕೊಂಡು, ಮುಂದಿನ ಅಭಿಷೇಕಗಳನ್ನು ಮಾತ್ರ ಬಿಷಪರ ಕೈಯಿಂದ ಮಾಡಿಸುವುದೆಂದು ನಿರ್ಧರಿಸಿದ್ದರಿಂದ ಗಂಟು ಬಿಚ್ಚಿತು. ಅದಕ್ಕೆ ಹಿಡಿದದ್ದು 28 ವರ್ಷ. ನಿಮ್ಮ ಊರಿನ ಸಮಿತಿ ಆರು ತಿಂಗಳಿಗೆ ಬೇಸರಪಟ್ಟರೆ ಈ ಲೆಕ್ಕ ತೋರಿಸಿ.